ಹಳೆ ಮರ ಕಡಿದು ಹತ್ತು ಸಸಿ ಹಚ್ಚಿದ್ರ ಇಂಗಾಲದ ಲೆಕ್ಕ ಸರಿಹೋಗತೈತೇನು?

ಜಾಂಬೋಟಿ ಹುಡುಗ

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಖಾನಾಪುರ ತಾಲೂಕಿನಾಗ ಒಂದು ರಸ್ತೆ ಅಗಲ ಮಾಡೂ ಮಾತು ನಡದೈತಿ. ರಸ್ತೆ ಎರಡೂ ಬದಿ ಮತ್ತಿ, ಹೊನ್ನಿ, ನೇರಳಿ, ನಂದಿ, ಹಿಂಗ ಅಜ್ಜನ ಕಾಲದ ಮರ ಅದಾವ. ಊರ ಸಭಾದಾಗ ಒಬ್ರು ಎದ್ದು ನಿಂತು ಹೇಳಿದ್ರು: "ಹಳೆ ಮರ ಬೆಳಿಯೂದು ನಿಲ್ಲಿಸಿರ್ತಾವ, ಇಂಗಾಲ ಹೀರೂದಿಲ್ಲ. ಎಳೆ ಸಸಿ ಹೆಚ್ಚು ಹೀರ್ತಾವ. ಒಂದು ಕಡದ್ರ ಹತ್ತು ಹಚ್ತೀವಿ. ಹವಾಮಾನಕ್ಕ ಲಾಭನ ಆಗತೈತಿ." ಸಸಿ ಹಚ್ಚೂದು ಇಲ್ಲಲ್ಲ, ಆಚೆ ಬಯಲುಸೀಮೆಯಾಗಂತ.

ಆ ಮಾತು ತಪ್ಪು ಅಂತ ಮನಸ್ಸು ಹೇಳತೈತಿ, ಆದ್ರ ಯಾಕ ತಪ್ಪು ಅಂತ ಬಿಡಿಸಿ ಹೇಳಾಕ ಅಲ್ಲಿ ಯಾರಿಗೂ ಬರಲಿಲ್ಲ. ತಿಳಿದವರು ಹೇಳ್ರಿ. ಕಾಡು ಇಂಗಾಲ ಹೀರೂದು ಹೆಂಗ, ಇಟ್ಕೊಳ್ಳೂದು ಎಲ್ಲಿ, ವಾಪಸ್ ಬಿಡೂದು ಯಾವಾಗ? ಮುಂದಿನ ಸಭಾಕ್ಕ ಬರೆದುಕೊಂಡು ಹೋಗಬೇಕು.

ನಿವೃತ್ತ ಮಾಸ್ತರ, ಖಾನಾಪುರ

ತಮ್ಮಾ, ಬಹಳ ಛಲೋ ಪ್ರಶ್ನೆ. ಮೊದಲು ಹೀರುವ ಕೆಲಸ ನೋಡೋಣ. ಎಲೆಯ ಕೆಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳ ಮೂಲಕ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುತ್ತದೆ. ಬೇರಿನ ನೀರು, ಮೇಲಿನ ಬಿಸಿಲು ಸೇರಿ ಸಕ್ಕರೆ ಆಗುತ್ತದೆ. ಈ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಮರ ತನ್ನ ಉಸಿರಾಟಕ್ಕೇ ಖರ್ಚು ಮಾಡುತ್ತದೆ, ಅಂದರೆ ಅಷ್ಟು ಇಂಗಾಲ ಮತ್ತೆ ಗಾಳಿಗೆ. ಹಗಲೂ ಉಸಿರಾಡುತ್ತದೆ, ರಾತ್ರಿಯೂ ಉಸಿರಾಡುತ್ತದೆ. ಉಳಿದ ಅರ್ಧದಿಂದ ಎಲೆ, ಬೇರು, ತೊಗಟೆ, ಕಾಂಡ ಬೆಳೆಯುತ್ತವೆ. ಒಣಗಿಸಿ ತೂಗಿದರೆ ಕಟ್ಟಿಗೆಯ ತೂಕದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಬರೀ ಇಂಗಾಲ.

ಈಗ ನಿಮ್ಮ ರಸ್ತೆಯ ಒಂದು ಮತ್ತಿ ಮರ ತಗೋ. ಎದೆ ಎತ್ತರದಲ್ಲಿ ಸುತ್ತಳತೆ ಆರು ಅಡಿ, ಎತ್ತರ 25 ಮೀಟರ್ ಅಂತ ಇಟ್ಟುಕೋ. ಉಷ್ಣವಲಯದ ಮರಗಳಿಗೆ ವಿಜ್ಞಾನಿಗಳು ಬಳಸುವ ಸೂತ್ರಕ್ಕೆ ಮತ್ತಿಯ ಗಟ್ಟಿತನ ಹಾಕಿ ಲೆಕ್ಕ ಮಾಡಿದರೆ ನೆಲದ ಮೇಲಿನ ಒಣತೂಕ 3 ಟನ್ ದಾಟುತ್ತದೆ. ಅಂದರೆ ಸುಮಾರು 1.5 ಟನ್ ಇಂಗಾಲ. ಒಂದು ಟನ್ ಇಂಗಾಲ ಸುಟ್ಟರೆ 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹಾಗಾಗಿ ಆ ಒಂದೇ ಮರದೊಳಗೆ 5.5 ಟನ್‌ನಷ್ಟು ಅನಿಲ ಕಟ್ಟಿಗೆಯ ರೂಪದಲ್ಲಿ ನಿಂತಿದೆ. ಬೇರು ಇದರಲ್ಲಿ ಸೇರಿಲ್ಲ.

ಹೆಬ್ಬೆರಳು ದಪ್ಪದ, ಆಳೆತ್ತರದ ಒಂದು ಸಸಿಯ ಒಣತೂಕ ಅರ್ಧ ಕಿಲೋ ಆಸುಪಾಸು. ಹತ್ತು ಸಸಿ ಸೇರಿದರೂ ಎರಡು, ಎರಡೂವರೆ ಕಿಲೋ ಇಂಗಾಲ. ಈ ಎರಡು ಅಂಕಿ ಸಭೆಯಲ್ಲಿ ಅಕ್ಕಪಕ್ಕ ಬರೆದು ತೋರಿಸು: 1,500 ಕಿಲೋ, 2.5 ಕಿಲೋ.

ಮುಧೋಳ ಕಬ್ಬು

ಮಾಸ್ತರ, ನಮಸ್ಕಾರ್ರಿ. ನನ್ನದೊಂದು ಪ್ರಶ್ನಾ ಐತಿ. ನಮ್ಮ ಘಟಪ್ರಭಾ ದಂಡ್ಯಾಗ ಎಕರೆಕ್ಕ ನಲವತ್ತೈವತ್ತು ಟನ್ ಕಬ್ಬು ಬರತೈತಿ, ಅದೂ ಒಂದ ವರ್ಷದಾಗ. ಯಾವ ಕಾಡೂ ವರ್ಷಕ್ಕ ಅಷ್ಟು ಬೆಳಿಯೂದಿಲ್ಲ. ಹಂಗಿದ್ರ ಇಂಗಾಲ ಹೀರೂದ್ರಾಗ ನಮ್ಮ ಹೊಲ ಕಾಡಿಗಿಂತ ಮುಂದ ಇರಬೇಕಲ್ರಿ? ನಮಗ್ಯಾಕ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ?

ಗೋಕಾಕ ಫಾಲ್ಸ್

ಗೌಡ್ರ, ಹೀರೂದ್ರಾಗ ಕಬ್ಬು ಮುಂದನ ಐತಿ. ಬಿಸಿಲು ಬಳಸಿ ಸಕ್ಕರೆ ಮಾಡೂದ್ರಾಗ ಅದು ಭಾಳ ಚುರುಕಿನ ಬೆಳಿ. ನಾನು ಅರಣ್ಯ ವಿಜ್ಞಾನ ಓದಾಕತ್ತೀನಿ, ನಮಗ ಮೊದಲ ವರ್ಷನ ಕಲಿಸೂದು ಇದು: ಹಗೇವಿನೊಳಗ ಎಷ್ಟು ಜೋಳ ಕುಂತೈತಿ ಅನ್ನೂದು ಬ್ಯಾರೆ, ಈ ವರ್ಷ ಕಣದಾಗ ರಾಶಿ ಎಷ್ಟಾತು ಅನ್ನೂದು ಬ್ಯಾರೆ.

ಕಬ್ಬಿಂದು ರಾಶಿ ದೊಡ್ಡದು, ಹಗೇವು ಖಾಲಿ. 50 ಟನ್‌ನಾಗ ಸುಮಾರು 35 ಟನ್ ನೀರ. ಉಳಿದದ್ದು ನೋಡ್ರಿ: ಸಕ್ಕರಿ ನಮ್ಮ ಹೊಟ್ಟಿಗಿ ಹೋಗಿ ಉಸಿರಾಗಿ ಹೊರಗ ಬರತೈತಿ, ಬಗ್ಯಾಸ್ (ರಸ ಹಿಂಡಿದ ಮ್ಯಾಲೆ ಉಳಿಯೂ ಸಿಪ್ಪಿ) ಕಾರ್ಖಾನಿ ಬಾಯ್ಲರಿನಾಗ ಉರಿತೈತಿ, ರವದಿ (ಕಬ್ಬಿನ ಒಣ ಎಲಿ) ಹೊಲದಾಗ ಸುಡತೈತಿ. ಹದಿನೆಂಟು ತಿಂಗಳಿನಾಗ ಎಲ್ಲಾ ಇಂಗಾಲ ಮತ್ತ ಗಾಳಿಗೆ. ಮತ್ತಿ ಮರದಾಗಿಂದು ನೂರು ವರ್ಷದಿಂದ ಅಲ್ಲೇ ಐತಿ.

ಭೂಮಿ ಮ್ಯಾಲಿನ ಎಲ್ಲಾ ಗಿಡಗಂಟಿದ್ದೂ ಇದ ಲೆಕ್ಕ. ಹವಾಯಿಯ ಮೌನಾ ಲೋವಾ ಬೆಟ್ಟದ ಮ್ಯಾಲೆ 1958ರಿಂದ ಗಾಳಿಯಾಗಿನ ಇಂಗಾಲದ ಡೈಆಕ್ಸೈಡ್ ಅಳೀತಾರ. ಆಗ 315 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಾಗ 315 ಪಾಲು) ಆಸುಪಾಸು ಇತ್ತು, ಈಗ 420 ದಾಟೈತಿ. ಆ ಗೆರಿ ನೆಟ್ಟಗ ಏರೂದಿಲ್ಲ. ಪ್ರತಿ ವರ್ಷ ಉತ್ತರ ಗೋಳದಾಗ ಗಿಡ ಚಿಗುರಿದಾಗ ಕೆಳಗ ಇಳಿತೈತಿ, ಎಲಿ ಉದುರಿ ಕೊಳೆಯೂ ಹೊತ್ತಿಗಿ ಮ್ಯಾಲೆ ಏರತೈತಿ. ವರ್ಷದಾಗ ಹೀರಿ ವರ್ಷದಾಗ ಬಿಟ್ರ ಒಟ್ಟು ಲೆಕ್ಕ ಬದಲಾಗೂದಿಲ್ಲ.

ಮುಧೋಳ ಕಬ್ಬು

ತಿಳೀತು. ರವದಿ ಸುಡೂದು ನಾವೂ ಬಿಡಾಕತ್ತೀವಿ. ಪುಡಿ ಮಾಡಿ ಹೊಲದಾಗ ಬಿಟ್ರ ತೇವ ನಿಂತು ನೀರು ಉಳಿತೈತಿ, ಎರಡು ಬೆಳಿಯಾಗ ಮಣ್ಣು ಮೆತ್ತಗಾಗಿದ್ದು ಕಣ್ಣಿಗೆ ಕಾಣತೈತಿ. ಆ ಮಣ್ಣಾಗ ಸೇರಿದ್ದು ಉಳಿತೈತೋ, ಅದೂ ಗಾಳಿಗೇ ಹೋಗತೈತೋ?

ಎರೆ ಮಣ್ಣು, ವಿಜಯಪುರ

ಅಣ್ಣಾರ, ಇದಕ್ಕ ನಾ ಹೇಳ್ತೀನಿ. ಮಣ್ಣು ಪರೀಕ್ಷಾ ಮಾಡೂದು ನನ್ನ ಕೆಲಸ. ಹೊಲದಾಗ ಬಿಟ್ಟ ರವದಿಯಾಗ ಬಹುಪಾಲು ಸೂಕ್ಷ್ಮಜೀವಿಗಳು ತಿಂದು ಗಾಳಿಗೆ ಬಿಡತಾವ, ಸ್ವಲ್ಪ ಭಾಗ ಜೇಡಿಗೆ ಅಂಟಿಕೊಂಡು ವರ್ಷಾನುಗಟ್ಟಲೆ ಉಳಿತದ. ಸುಟ್ಟರ ಆ ಸ್ವಲ್ಪಾನೂ ಇಲ್ಲ. ಹಂಗಾಗಿ ನೀವು ಮಾಡೂದು ಸರಿ ಅದ.

ಕಾಡಿನ ಮಾತಿಗೆ ಬಂದ್ರ, ಡೆಹರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಇಂಗಾಲವನ್ನ ಐದು ಕಡೆ ಎಣಿಸ್ತದ: ನೆಲದ ಮ್ಯಾಲಿನ ಮರ, ನೆಲದೊಳಗಿನ ಬೇರು, ಸತ್ತ ಕಟ್ಟಿಗಿ, ಉದುರಿದ ಎಲಿ, ಮತ್ತ ಮಣ್ಣು. ಅವರ 2023ರ ವರದಿ ಪ್ರಕಾರ ದೇಶದ ಕಾಡಿನಾಗ ಒಟ್ಟು ಸುಮಾರು 728 ಕೋಟಿ ಟನ್ ಇಂಗಾಲ ಅದ. ಅದರಾಗ ಅರ್ಧಕ್ಕಿಂತ ಹೆಚ್ಚು ಮಣ್ಣಿನಾಗ! ನಾವು ಮರಾನ ಎಣಿಸ್ಕೋತ ಕುಂತ್ರ ಅರ್ಧ ಲೆಕ್ಕನ ಬಿಟ್ಟಂಗ.

ಜಗತ್ತಿನ ಬೇರೆ ಬೇರೆ ಕಾಡಿನಾಗ ಈ ಪಾಲು ಬದಲಾಗ್ತದ. ರಷ್ಯಾ, ಕೆನಡಾದ ಚಳಿ ಕಾಡಿನಾಗ ಸುಮಾರು 60 ಪ್ರತಿಶತ ಮಣ್ಣಿನಾಗ, ಬರೀ 20 ಪ್ರತಿಶತ ಮರದಾಗ, ಯಾಕಂದ್ರ ಥಂಡಿಗೆ ಎಲಿ ಭಾಳ ನಿಧಾನಕ್ಕ ಕೊಳಿತಾವ. ಉಷ್ಣವಲಯದ ಕಾಡಿನಾಗ ಉಲ್ಟಾ: ಅರ್ಧಕ್ಕಿಂತ ಹೆಚ್ಚು ಜೀವಂತ ಮರದಾಗನ ಇರ್ತದ, ಮಣ್ಣಿನಾಗ ಮೂರನೇ ಒಂದು ಪಾಲು. ಹಂಗಂದ್ರ ಅಂಥಾ ಕಾಡಿನಾಗ ಮರ ಹೋದ್ರ ಖಜಾನಿಯ ದೊಡ್ಡ ಭಾಗ ಒಮ್ಮೆಲೆ ಹೋಗ್ತದ. ಮ್ಯಾಲೆ ನೆರಳು ಹೋಗಿ ಬಿಸಿಲು ಬಿದ್ದ ಮಣ್ಣು ತನ್ನದನ್ನೂ ಬಿಡಾಕ ಶುರು ಮಾಡ್ತದ. ಖಾನಾಪುರದ ಜಂಬಿಟ್ಟಿಗೆ ಮಣ್ಣಿನ ಮ್ಯಾಲಿನ ಕಪ್ಪು ಪದರ ಎಷ್ಟು ತೆಳ್ಳಗ ಇರ್ತದ ಅನ್ನೂದು ಅಲ್ಲಿ ಹಾರಿಯಿಂದ ಅಗದು ನೋಡಿದವರಿಗೆ ಗೊತ್ತು. ಎರಡು ಜೋರು ಮಳಿಗೆ ಅದು ಹೊಳಿ ಸೇರ್ತದ.

ಕಣಕುಂಬಿ ಮಳೆ

ಎಲ್ಲಾರಿಗೂ ನಮಸ್ಕಾರ. ನಾನು ಮಲಪ್ರಭಾ ಹುಟ್ಟೂ ಊರಿನ ಕಡೆಯಾಕಿ. ಇಲ್ಲಿ ನಡೆಯೋ ಸಂಗತಿ ಒಂದಿಷ್ಟು ಹೇಳ್ತೀನಿ. ನಮ್ಮ ಗದ್ದಿ ಮ್ಯಾಲಿನ ಕಾಡಂಚಿನಾಗ ಒಂದು ನೇರಳಿ ಮರ ಗಾಳಿಗೆ ಬಿತ್ತು. ಅದರ ಎಲಿ ಒಂದ ಮಳಿಗಾಲಕ್ಕ ಮುಟ್ಟಿದ್ರ ಪುಡಿ ಆತು. ಸಣ್ಣ ಟೊಂಗಿಗೆ ಬಿಳಿ ಅಣಬಿ ಸಾಲಾಗಿ ಎದ್ವು, ಮುಂದಿನ ಮಳಿಗೆ ಕೈಯಾಗ ಹಿಡಿದ್ರ ಮುರಿಯೂ ಹಂಗ ಆದ್ವು. ದೊಡ್ಡ ಕಾಂಡದ ತೊಗಟಿ ಉದುರಿ ಒರಲಿ ಹತ್ತಿತು. ಆದ್ರ ಒಳಗಿನ ಕೆಂಪು ತಿರುಳು ಇನ್ನೂ ಕೊಡ್ಲಿಗೆ ಠಣ್ ಅಂತ ಸಪ್ಪಳ ಮಾಡತೈತಿ. ಬುಡದಾಗ ಕೂಡಿದ ಕಂದು ಪುಡಿ ತಂದು ಮಲ್ಲಿಗಿ ಗಿಡಕ್ಕ ಹಾಕ್ತೀನಿ. ಅಲ್ಲೇ ಸುತ್ತಲ ಹತ್ತಾರು ಸಸಿ ತಾವಾಗೇ ಎದ್ದಾವ, ಯಾರೂ ಹಚ್ಚಿಲ್ಲ.

ಇದು ಕಾಡು ಇಂಗಾಲ ಬಿಡೂದು ಅಂದ್ರ, ಹೌದಲ್ರಿ? ಹಂಗಂದ್ರ ನಾವು ಒಣ ಕಟ್ಟಿಗಿ ಆರಿಸಿ ತಂದು ಒಲಿಗೆ ಹಾಕೂದೂ ತಪ್ಪೇನು? ಹೊರಗಿಂದ ಬಂದವರು ಮೊದಲ ಬೆರಳು ತೋರಿಸೂದು ನಮ್ಮ ಕಡೆ.

ಗೋಕಾಕ ಫಾಲ್ಸ್

ಅಕ್ಕಾರ, ನೀವು ನೋಡಿದ್ದನ್ನ ನಾವು ಪ್ರಯೋಗದಾಗ ವರ್ಷಗಟ್ಟಲೆ ತೂಗಿ ಬರೀತೀವಿ. ಉದುರಿದ ಎಲಿ ತಿಂಗಳುಗಳ ಲೆಕ್ಕ, ಗಟ್ಟಿ ಜಾತಿಯ ಕಾಂಡ ದಶಕಗಳ ಲೆಕ್ಕ. ನಿಧಾನಕ್ಕ ಬಿಟ್ಟದ್ದನ್ನ ಪಕ್ಕದಾಗ ಎದ್ದ ಸಸಿಗಳು, ಸುತ್ತಲಿನ ಮರಗಳು ಹಿಡಿದುಕೊಳ್ತಾವ. ಅದಕ್ಕ ಬೆಳೆದು ನಿಂತ ಕಾಡು ತಾನು ಬಿಡೂದು, ಹೀರೂದು ಸರಿಸುಮಾರು ಸಮ ಇಟ್ಟುಕೊಂಡಿರತೈತಿ.

ಬಿದ್ದ ಒಣ ಟೊಂಗಿ ನೀವು ಒಲಿಗೆ ಹಾಕಿದ್ರ ಹೆಂಗೂ ಹೋಗೂ ಇಂಗಾಲ ಕೆಲವು ವರ್ಷ ಮೊದಲು ಹೋಗತೈತಿ, ಅಷ್ಟ. ನಿಂತ ಮರ ಕಡಿಯೂದು, ಫೆಬ್ರುವರಿ ಮಾರ್ಚಿನಾಗ ಬೆಂಕಿ ಬೀಳೂದು, ಇವು ಬ್ಯಾರೆ. ಬೆಂಕಿ ಎಲಿ, ಸಸಿ, ಬೀಜ ಎಲ್ಲಾ ಒಂದ ದಿನಕ್ಕ ಸುಡತೈತಿ. ಹುಲ್ಲು ಬರಲಿ ಅಂತ ಬೆಂಕಿ ಹಚ್ಚೂದನ್ನ ತಡಿಯೂದ್ರಾಗ ನಿಮ್ಮ ಊರವರಿಗಿಂತ ದೊಡ್ಡ ಕಾವಲುಗಾರರು ಯಾರೂ ಇಲ್ಲ.

ನೆಲದ ಬೆಂಕಿ ಎಷ್ಟು ಕೆಟ್ಟದ್ದು ಅನ್ನೂದಕ್ಕ ಒಂದು ಉದಾಹರಣೆ. 1997ರಾಗ ಇಂಡೋನೇಷ್ಯಾದಾಗ ಎಲ್ ನಿನೋ (ಪೆಸಿಫಿಕ್ ಸಮುದ್ರ ಕಾದು ಮಳಿ ಏರುಪೇರಾಗೂದು) ಬರಗಾಲ ಬಂದಾಗ ಜೌಗು ಕಾಡಿಗೆ ಬೆಂಕಿ ಬಿತ್ತು. ಅಲ್ಲಿ ನೀರಿನಾಗ ಕೊಳೆಯದ ಎಲಿ, ಕಟ್ಟಿಗಿ ಸಾವಿರಾರು ವರ್ಷದಿಂದ ಪದರ ಪದರ ಕುಂತಿದ್ದವು. ಕಾಲುವಿ ತೋಡಿ ನೀರು ಬಸಿದಿದ್ರು, ನೆಲನ ಉರೀತು. ಆ ಒಂದು ವರ್ಷದಾಗ ಹೊರಗ ಬಂದ ಇಂಗಾಲ ಕಡಿಮಿ ಅಂದ್ರೂ 80 ಕೋಟಿ ಟನ್ ಅಂತ ಅಂದಾಜು. ಕಾಂಗೋ ನದಿ ಬಯಲಿನಾಗ ಇಂಥದ ಜೌಗು ನೆಲದೊಳಗ ಸುಮಾರು 3,000 ಕೋಟಿ ಟನ್ ಇಂಗಾಲ ಐತಿ ಅಂತ 2017ರಾಗ ಗೊತ್ತಾತು. ಅದು ಒದ್ದಿ ಇರೂತನಕ ಮಾತ್ರ ಸುರಕ್ಷಿತ.

ಕಟ್ಟಿಗಿ ಅಡ್ಡೆ, ಬೆಳಗಾವಿ

ನಾನು ಕಟ್ಟಿಗಿ ವ್ಯಾಪಾರದವನು. ಒಂದು ಮಾತು ಸೇರಿಸ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಡಿದ ಮರ ಅಂದ ಕೂಡಲೇ ಎಲ್ಲಾ ಇಂಗಾಲ ಗಾಳಿಗೆ ಹೋತು ಅನ್ನೂದು ಸರಿಯಲ್ಲ. ನಮ್ಮ ಕಡೆಯ ಹಳೇ ವಾಡೆಗಳ ಸಾಗವಾನಿ ಕಂಬ, ತೊಲಿ, ಜಂತಿ ನೋಡ್ರಿ. ನೂರು ವರ್ಷ ಆದ್ರೂ ಹಂಗ ಅದಾವ. ಆ ಇಂಗಾಲ ಅಲ್ಲೇ ಕುಂತೈತಲ್ಲ? ಸಿಮೆಂಟು, ಕಬ್ಬಿಣಕ್ಕಿಂತ ಕಟ್ಟಿಗಿ ಮನಿ ಛಲೋ.

ನಿವೃತ್ತ ಮಾಸ್ತರ, ಖಾನಾಪುರ

ಸಾವಕಾರ್ರ, ನಿಮ್ಮ ಮಾತಿನಲ್ಲಿ ಸತ್ಯ ಇದೆ. ತೊಲೆಯಾಗಿ ಉಳಿದ ಕಟ್ಟಿಗೆ ಇಂಗಾಲವನ್ನು ಹಿಡಿದಿಟ್ಟಿರುತ್ತದೆ. ಆದರೆ ಒಂದು ಮರದಲ್ಲಿ ತೊಲೆ ಆಗುವುದು ಎಷ್ಟು, ನಿಮಗೇ ಚೆನ್ನಾಗಿ ಗೊತ್ತು. ಟೊಂಗೆ, ತುದಿ, ತೊಗಟೆ, ಬೇರು, ಕೊಯ್ಯುವಾಗ ಬೀಳುವ ಹೊಟ್ಟು, ಇವೆಲ್ಲ ಕೆಲವೇ ವರ್ಷಗಳಲ್ಲಿ ಸುಟ್ಟೋ ಕೊಳೆತೋ ಹೋಗುತ್ತವೆ. ಅದರಲ್ಲೂ ರಸ್ತೆಬದಿ ಮತ್ತಿ, ನೇರಳೆಯಲ್ಲಿ ಬಹಳಷ್ಟು ಉರುವಲಿಗೇ ಹೋಗುತ್ತದೆ. ತೋಟ ಮಾಡಿ ಬೆಳೆದ ಸಾಗವಾನಿಯ ಮಾತು ಬೇರೆ, ಅದನ್ನು ಬೆಳೆಯಿರಿ, ಕಟ್ಟಿರಿ, ಸಂತೋಷ.

ಜಾಂಬೋಟಿ ತಮ್ಮನ ಮೊದಲ ಪ್ರಶ್ನೆಯಲ್ಲಿ ಇನ್ನೊಂದು ಉಳಿದಿತ್ತು: ಹಳೆ ಮರ ಬೆಳೆಯುವುದು ನಿಲ್ಲಿಸುತ್ತದೆಯೇ? 2014ರಲ್ಲಿ ಜಗತ್ತಿನ 403 ಜಾತಿಯ ಆರೂಮುಕ್ಕಾಲು ಲಕ್ಷದಷ್ಟು ಮರಗಳ ಅಳತೆ ಒಟ್ಟುಗೂಡಿಸಿ ನೋಡಿದರು. ಬಹುತೇಕ ಜಾತಿಗಳಲ್ಲಿ ಮರ ದಪ್ಪ ಆದಷ್ಟೂ ವರ್ಷಕ್ಕೆ ಕೂಡಿಸುವ ತೂಕ ಹೆಚ್ಚಾಗುತ್ತಲೇ ಹೋಗುತ್ತದೆ ಎಂದು ಕಂಡುಬಂತು. ಕಾರಣ ಸರಳ. ಎಲೆ ಹೆಚ್ಚು, ಮೈ ದೊಡ್ಡದು, ಕಣ್ಣಿಗೆ ಕಾಣದಷ್ಟು ತೆಳುವಾದ ಹೊಸ ಪದರವೂ ಆ ಮೈಮೇಲೆಲ್ಲ ಹರಡಿದರೆ ತೂಕ ಬಹಳ. ಇಡೀ ಕಾಡಿನ ಲೆಕ್ಕದಲ್ಲಿ ಮಾತ್ರ, ಸಾಯುವ ಮರಗಳನ್ನೂ ಸೇರಿಸಿದಾಗ, ಹಳೆ ಕಾಡಿನ ಒಟ್ಟು ಬೆಳವಣಿಗೆ ನಿಧಾನವಾಗುತ್ತದೆ. ಸಭೆಯಲ್ಲಿ ಮಾತಾಡಿದವರು ಕಾಡಿನ ಮಾತನ್ನು ಮರಕ್ಕೆ ಹಚ್ಚಿದ್ದಾರೆ. ಜಗತ್ತಿನ ಹಲವು ಕಾಡುಗಳಲ್ಲಿ ಅಳೆದು ನೋಡಿದಾಗ, ಅತಿ ದೊಡ್ಡ 1 ಪ್ರತಿಶತ ಮರಗಳಲ್ಲೇ ನೆಲದ ಮೇಲಿನ ಅರ್ಧ ತೂಕ ಇತ್ತು.

ಎರೆ ಮಣ್ಣು, ವಿಜಯಪುರ

ಅಮೆಜಾನ್ ಕಾಡು ಜಗತ್ತಿಗೆ 20 ಪ್ರತಿಶತ ಆಮ್ಲಜನಕ ಕೊಡ್ತದ ಅಂತ ವಾಟ್ಸಾಪಿನಾಗ ಓಡಾಡ್ತದಲ್ರಿ, ಅದು ಖರೇನ ಏನು? ನಮ್ಮ ಹುಡುಗರು ಸಾಲಿ ಪ್ರಬಂಧದಾಗೂ ಬರೀತಾರ.

ಗೋಕಾಕ ಫಾಲ್ಸ್

ಖರೆ ಅಲ್ರಿ. ಅಮೆಜಾನ್ ಎಷ್ಟು ಆಮ್ಲಜನಕ ಮಾಡತೈತೋ, ತನ್ನ ಉಸಿರಾಟಕ್ಕ, ಕೊಳೆಯೂದಕ್ಕ ಹೆಚ್ಚುಕಡಿಮಿ ಅಷ್ಟನ್ನೂ ಬಳಸತೈತಿ. ಅಮೆಜಾನ್ ಬೇಕಾಗಿದ್ದು ಇಂಗಾಲಕ್ಕ, ಮಳಿಗೆ, ಜೀವಿಗಳಿಗೆ.

ಆ ಇಂಗಾಲದ ಸುದ್ದಿ ಚಿಂತಿ ಹುಟ್ಟಿಸೂ ಹಂಗ ಐತಿ. ಗಾಳಿಯಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾದಂಗ ಮರ ಸ್ವಲ್ಪ ಬೇಗ ಬೆಳಿತಾವ, ಅದಕ್ಕ ಯಾರೂ ಮುಟ್ಟದ ಹಳೆ ಕಾಡೂ ಇಷ್ಟು ದಿನ ತಾನು ಬಿಡೂದಕ್ಕಿಂತ ಹೆಚ್ಚು ಹೀರ್ತಿತ್ತು. ಆಫ್ರಿಕಾ, ಅಮೆಜಾನಿನ 565 ಅಳತೆ ತುಣುಕುಗಳಾಗ ಮರ ಮರ ಅಳದು 2020ರಾಗ ಲೆಕ್ಕ ಕೊಟ್ರು: ಮನುಷ್ಯರು ಮುಟ್ಟದ ಉಷ್ಣವಲಯದ ಕಾಡು 1990ರ ದಶಕದಾಗ 4,600 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಎಳಕೊಂಡಿತ್ತು, 2010ರ ದಶಕದಾಗ ಅದು 2,500 ಕೋಟಿಗೆ ಇಳೀತು. ಸೆಕಿ, ಬರಗಾಲಕ್ಕ ಸಾಯೂ ಮರ ಹೆಚ್ಚಾಗ್ಯಾವ. ಅಮೆಜಾನಿನಾಗ 2005, 2010, 2015-16, ಮತ್ತ 2023ರಾಗ ದೊಡ್ಡ ಬರ ಬಂದ್ವು.

ಬ್ರೆಜಿಲಿನ ವಿಜ್ಞಾನಿಗಳು 2010ರಿಂದ 2018ರ ತನಕ ಸಣ್ಣ ವಿಮಾನದಾಗ ನಾಲ್ಕು ಜಾಗದ ಮ್ಯಾಲೆ ಹಾರಿ ಗಾಳಿ ತುಂಬಿಕೊಂಡು ಬಂದು ಅಳದ್ರು. ಆಗ್ನೇಯ ಅಮೆಜಾನ್ ಹೀರೂದಕ್ಕಿಂತ ಹೆಚ್ಚು ಬಿಡಾಕತ್ತೈತಿ ಅಂತ 2021ರಾಗ ಹೇಳಿದ್ರು. ಅಲ್ಲೇ ಕಾಡು ಹೆಚ್ಚು ಕಡಿದದ್ದು, ಅಲ್ಲೇ ಬೇಸಿಗಿ ಹೆಚ್ಚು ಸುಡೂದು.

ಇನ್ನೊಂದು ಅಧ್ಯಯನ, ಅತಿ ಸೆಕಿ ತಿಂಗಳಿನ ಹಗಲಿನ ಗರಿಷ್ಠ ಉಷ್ಣತಾ ಸರಾಸರಿ 32.2 ಡಿಗ್ರಿ ದಾಟಿದ್ರ ಉಷ್ಣವಲಯದ ಕಾಡು ಇಂಗಾಲ ಕಳಕೊಳ್ಳೂದು ಜೋರಾಗತೈತಿ ಅಂತ ತೋರಿಸೈತಿ. ಅದು ನಿತ್ಯ ಹಸಿರು ಒದ್ದಿ ಕಾಡಿನ ಲೆಕ್ಕ. ಬೇಸಿಗ್ಯಾಗ ಎಲಿ ಉದುರಿಸಿ ನಿಲ್ಲೂ ನಮ್ಮ ಮತ್ತಿ, ನಂದಿ ಕಾಡಿಗೆ ಆ ಅಂಕಿ ಹಂಗ ಹಚ್ಚಬಾರದು. ಇಂಥಾ ಕಾಡಿನ ಬಗ್ಗೆ ತಿಳಕೋಬೇಕಂದ್ರ ತಮಿಳುನಾಡಿನ ಮುದುಮಲೈ ಕಾಡು ನೋಡಬೇಕು. ಅಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 50 ಹೆಕ್ಟೇರಿನಾಗ 1988ರಿಂದ ಒಂದೊಂದು ಗಿಡಕ್ಕೂ ನಂಬರ್ ಹಾಕಿ ಅಳೀತಾ ಬಂದಾರ. ನಮ್ಮ ಖಾನಾಪುರ ತಾಲೂಕಿನ ಭೀಮಗಡದಾಗೂ ಅಂಥದ್ದೊಂದು ಆಗಬೇಕು ಅನ್ನೂದು ನನ್ನ ಆಸೆ. 2011ರಾಗ ವನ್ಯಧಾಮ ಆದ 190 ಚದರ ಕಿಲೋಮೀಟರ್ ಕಾಡು, ಮಹದಾಯಿ ಹೊಳಿ ಅಲ್ಲಿಂದನ ಹೊಂಟೈತಿ.

ಕಣಕುಂಬಿ ಮಳೆ

ತಮ್ಮಾ, ಹಂಗ ಅಳಿಯಾಕ ಬಂದ್ರ ನಮ್ಮ ಊರಿನ ಹುಡುಗರಿಗೆ ಕೆಲಸ ಕೊಡ್ಸು. ಎಲ್ಲಾ ಮರದ ಹೆಸರು ಅವರಿಗೆ ಗೊತ್ತು.

ಜಾಂಬೋಟಿ ಹುಡುಗ

ಇಷ್ಟೆಲ್ಲ ಬರೆದದ್ದಕ್ಕ ಎಲ್ಲಾರಿಗೂ ಭಾಳ ಉಪಕಾರ್ರಿ. ಬಯಲಿನಾಗ ಹಚ್ಚೂ ಸಸಿ ಬಗ್ಗೆ ಹೇಳ್ರಿ. ಅದಕ್ಕ ಬೆಲೀನ ಇಲ್ಲೇನು?

ಎರೆ ಮಣ್ಣು, ವಿಜಯಪುರ

ಬೆಲಿ ಅದ ತಮ್ಮಾ. ನಮ್ಮ ಜಿಲ್ಲಾದಾಗ ಕಾಡು ಅನ್ನೂದ ಇಲ್ಲ, ಕೋಟಿ ವೃಕ್ಷ ಅಭಿಯಾನದಾಗ ಹಚ್ಚಿದ ಗಿಡದ ನೆರಳಿನಾಗ ಈಗ ಜನ ಕುಂದರ್ತಾರ. ಬೇವು, ಹುಣಸಿ, ಆಲ ಹಚ್ಚೂದು ನಮ್ಮ ಊರಿಗೆ ಬೇಕ ಬೇಕು. ಆದ್ರ ಅದನ್ನ ಕಣಕುಂಬಿ ಕಡೆ ಮರ ಕಡಿಯೂದಕ್ಕ ರಸೀದಿ ಮಾಡಬಾರದು. ಇಲ್ಲಿ ಮಳಿ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು, ಅಲ್ಲಿ ಮೂರು ಸಾವಿರ ದಾಟ್ತದ. ಇಲ್ಲಿ ಬೇವು ಐವತ್ತು ವರ್ಷ ಬೆಳೆದ್ರೂ ಅಲ್ಲಿನ ಮತ್ತಿ ಆಗೂದಿಲ್ಲ. ಹಚ್ಚಿದ್ದ್ರಾಗ ಎಷ್ಟು ಉಳಿದ್ವು ಅಂತ ಮೂರನೇ ಬೇಸಿಗಿಗೆ ಯಾರೂ ಬಂದು ಎಣಿಸೂದಿಲ್ಲ, ಅದು ನನಗ ನೋವು.

ಗೋಕಾಕ ಫಾಲ್ಸ್

ನಾನಾದ್ರ ಸಸಿ ರೊಕ್ಕಾನ ಬ್ಯಾರೆ ಕಡೆ ಹಾಕಸ್ತೀನಿ. ಖಾನಾಪುರ, ನಾಗರಗಾಳಿ, ಲೋಂಡಾ ಸುತ್ತ ಹಿಂದ ಕಡಿದು ಬಿಟ್ಟ ಜಾಗದಾಗ ಬುಡ ಇನ್ನೂ ಜೀವಂತ ಅದಾವ, ಮಳಿ ಬಿದ್ರ ಚಿಗುರತಾವ. ಅಲ್ಲಿ ಬೆಂಕಿ, ದನ ತಡದ್ರ ಸಾಕು, ಗುಂಡಿ ತೋಡೂದ ಬ್ಯಾಡ. ಲ್ಯಾಟಿನ್ ಅಮೆರಿಕಾದಾಗ ಹಿಂಗ ತಾನಾಗೇ ಎದ್ದ ಕಾಡುಗಳನ್ನ ಅಳದು 2016ರಾಗ ಹೇಳ್ಯಾರ: ಹಳೆ ಕಾಡಿನ 90 ಪ್ರತಿಶತ ತೂಕ ತುಂಬಿಕೊಳ್ಳಾಕ ಸರಾಸರಿ 66 ವರ್ಷ, ಮತ್ತ ಮೊದಲ ಇಪ್ಪತ್ತು ವರ್ಷ ಹಳೆ ಕಾಡಿಗಿಂತ 11 ಪಟ್ಟು ಚುರುಕಾಗಿ ಹೀರತಾವ. ನಮ್ಮ ಕಾಡಿಗೆ ವರ್ಷದ ಅಂಕಿ ಬದಲಾಗಬಹುದು, ದಿಕ್ಕು ಅದ. ಸಭಾದಾಗ "ಎಳೇದು ಹೆಚ್ಚು ಹೀರತೈತಿ" ಅಂದದ್ದು ಬಹುಶಃ ಇದನ್ನ ಕೇಳಿ. ಹೀರತೈತಿ, ಖರೆ. ಹಂಗಂತ ಹಳೇದನ್ನ ಕಡದ್ರ, ಬಿಟ್ಟ ಇಂಗಾಲ ವಾಪಸ್ ತುಂಬಾಕ ನಮ್ಮ ಮೊಮ್ಮಕ್ಕಳ ಕಾಲ ಬರಬೇಕು. ಅಲ್ಲೀತನಕ ಅದು ಗಾಳಿಯಾಗ ಸೆಕಿ ಹೆಚ್ಚಿಸ್ಕೋತ ಇರತೈತಿ. ಅಕೇಶಿಯಾ, ನೀಲಗಿರಿ ಹಚ್ಚಿ ಎಂಟು ಹತ್ತು ವರ್ಷಕ್ಕ ಕಡದ್ರಂತೂ ತುಂಬೂದ ಇಲ್ಲ.

ನಿವೃತ್ತ ಮಾಸ್ತರ, ಖಾನಾಪುರ

ತಮ್ಮಾ, ಒಂದು ಕಾನೂನಿನ ಮಾತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಲಿಖಿತವಾಗಿ ಕೊಡು. ಪ್ರತಿ ಮರದ ಜಾತಿ, ಸುತ್ತಳತೆ ಇರುವ ಪಟ್ಟಿ ಕೇಳು. ರಸ್ತೆ ಒಂದು ಬದಿಗೆ ಮಾತ್ರ ಅಗಲ ಮಾಡಿದರೆ ಎಷ್ಟು ಮರ ಉಳಿಯುತ್ತವೆ ಅಂತಲೂ ಕೇಳು. ರಸ್ತೆ ಬೇಡ ಅಂತ ನಾವ್ಯಾರೂ ಹೇಳುತ್ತಿಲ್ಲ, ಆಸ್ಪತ್ರೆಗೆ ಹೋಗುವವರಿಗೆ ರಸ್ತೆ ಬೇಕು.

ಜಾಂಬೋಟಿ ಹುಡುಗ

ಹೂಂ ಮಾಸ್ತರ, ಪಟ್ಟಿ ಅವರು ಕೊಡೂದ್ರೊಳಗ ನಾವ ಅಳದು ಇಡ್ತೀವಿ. ಈ ರವಿವಾರ ಮುಂಜಾನೆ ನಾಲ್ಕೈದು ಮಂದಿ ಕೂಡ್ತೀವಿ. ಟೇಪು ಎಷ್ಟು ಎತ್ತರಕ್ಕ ಹಿಡೀಬೇಕು?

ಗೋಕಾಕ ಫಾಲ್ಸ್

ನೆಲದಿಂದ 1.37 ಮೀಟರ್. ಒಂದು ಕೋಲಿಗೆ ಗುರುತು ಹಾಕಿಕೊಂಡು ಹೋಗ್ರಿ, ಎಲ್ಲಾರ ಎದಿ ಒಂದ ಎತ್ತರ ಇರೂದಿಲ್ಲ. ಇಳಿಜಾರಿನಾಗ ಮ್ಯಾಲಿನ ಬದಿಗೆ ನಿಂತು ಅಳೀರಿ. ಬುಡದಾಗ ಹಲಗಿಬೇರು (ಹಲಗಿ ಹಂಗ ಹೊರಗ ಚಾಚಿದ ಬೇರು) ಎತ್ತರಕ್ಕ ಬಂದಿದ್ರ ಅದು ಮುಗಿದ ಮ್ಯಾಲೆ ಟೇಪು ಸುತ್ತಿ, ಎಷ್ಟು ಎತ್ತರಕ್ಕ ಸುತ್ತಿದ್ರಿ ಅಂತ ಬರೀರಿ. ಬಳ್ಳಿ ಇದ್ರ ಟೇಪು ಅದರ ಒಳಗಿಂದ ಹಾಯಿಸ್ರಿ. ನಾನೂ ಬರ್ತೀನಿ, ಎತ್ತರ ಅಳಿಯೂ ಉಪಕರಣ ತರ್ತೀನಿ.

ಕಣಕುಂಬಿ ಮಳೆ

ಹೆಸರು ಗೊತ್ತಾಗದ ಮರ ಇದ್ರ ಎಲಿ, ತೊಗಟಿ ಫೋಟೋ ಇಲ್ಲೇ ಹಾಕ್ರಿ, ನಮ್ಮ ಅತ್ತಿಯವರಿಗೆ ತೋರಿಸಿ ಹೇಳ್ತೀನಿ.